ನಾಲ್ಕು ಜನ ಏನಂತಾರೆ?

ಯೌವನಸ್ಥರ ಕೂಟದ ಪಾಠ
ಓದಬೇಕಾದ ವಾಕ್ಯಭಾಗಗಳು: ಗಲಾತ್ಯದವರಿಗೆ 2:11-14, 1 ಕೊರಿಂಥದವರಿಗೆ 8:13, ದಾನಿಯೇಲ 1:8, ರೋಮಾಪುರದವರಿಗೆ 12:2

ಎಲ್ಲರೂ ಕೂತ್ಕೊಳ್ಳಿ. ಬೈಬಲ್ ತಂದವರು ತೆರೆದಿಡಿ. ಫೋನಿನಲ್ಲಿ ಓದುವವರು ಓದಿ, ಪರವಾಗಿಲ್ಲ, ಆದರೆ ವಾಟ್ಸಾಪ್ ಅನ್ನು ಒಂದು ಗಂಟೆ ಮಲಗಿಸಿಬಿಡಿ.

ಚಿಕ್ಕಂದಿನಿಂದ ನಾವೆಲ್ಲ ಕೇಳ್ತಾ ಬಂದಿರೋ ಒಂದು ಮಾತಿದೆ: "ನಾಲ್ಕು ಜನ ಏನಂತಾರೆ?" ಯಾವ ಕೋರ್ಸ್ ತಗೋಬೇಕು, ಎಷ್ಟು ಸಂಬಳ ಬರಬೇಕು, ಮದುವೆ ಯಾವಾಗ, ಮದುವೆಗೆ ಎಷ್ಟು ಜನರಿಗೆ ಊಟ ಹಾಕಬೇಕು, ಎಲ್ಲದಕ್ಕೂ ಕೊನೆಗೆ ಬರೋದು ಇದೇ ಪ್ರಶ್ನೆ. ಆ ನಾಲ್ಕು ಜನ ಯಾರಪ್ಪಾ ಅಂತ ಕೇಳಿದರೆ ಮಾತ್ರ ಅಪ್ಪನಿಗೂ ಗೊತ್ತಿಲ್ಲ, ಅಮ್ಮನಿಗೂ ಗೊತ್ತಿಲ್ಲ. ಆದರೂ ಅವರು ನಮ್ಮ ಮನೆಯಲ್ಲೇ ಇದ್ದಾರೆ. ಬಾಡಿಗೆ ಕೊಡದೆ ನಮ್ಮ ತಲೆಯೊಳಗೇ ವಾಸ ಮಾಡ್ತಿದ್ದಾರೆ.

ಇವತ್ತಿನ ಪಾಠ ಆ ನಾಲ್ಕು ಜನರ ಬಗ್ಗೆ. ಸುತ್ತಲಿನವರು ನಮ್ಮ ನಡೆಯನ್ನ ಹೇಗೆ ಬದಲಾಯಿಸ್ತಾರೆ, ನಮಗೆ ಗೊತ್ತಿಲ್ಲದೆ ನಮ್ಮ ಯೋಚನೆಯನ್ನೇ ಹೇಗೆ ತಿದ್ದುತ್ತಾರೆ, ಅದರ ಮಧ್ಯೆ ದೇವರ ಮಗುವಾಗಿ ನಿಲ್ಲೋದು ಹೇಗೆ ಅಂತ ನೋಡೋಣ.

1. ಮೂರು ಗೆರೆಗಳ ಪ್ರಶ್ನೆ

ಮೊದಲು ಒಂದು ಪ್ರಯೋಗದ ಬಗ್ಗೆ ಹೇಳ್ತೀನಿ. ನಿಮ್ಮಲ್ಲಿ ಸೈಕಾಲಜಿ ಓದಿದವರಿಗೆ ಇದು ಗೊತ್ತಿರುತ್ತೆ. ಸೊಲೊಮನ್ ಆಶ್ ಅನ್ನೋ ವಿಜ್ಞಾನಿ 1907ರಲ್ಲಿ ವಾರ್ಸಾ ನಗರದ ಯೆಹೂದ್ಯ ಕುಟುಂಬದಲ್ಲಿ ಹುಟ್ಟಿ, 1920ರಲ್ಲಿ ಅಮೆರಿಕಕ್ಕೆ ಹೋದವರು. 1950ರ ದಶಕದಲ್ಲಿ ಅವರು ಕಾಲೇಜು ಹುಡುಗರನ್ನ ಕೂರಿಸಿ ಒಂದು ಸರಳ ಪರೀಕ್ಷೆ ಮಾಡಿದರು.

ಒಂದು ಕಾರ್ಡಿನಲ್ಲಿ ಒಂದೇ ಗೆರೆ. ಇನ್ನೊಂದು ಕಾರ್ಡಿನಲ್ಲಿ ಮೂರು ಗೆರೆ. ಆ ಮೂರರಲ್ಲಿ ಯಾವುದು ಮೊದಲನೆಯ ಗೆರೆಯಷ್ಟೇ ಉದ್ದ ಇದೆ ಅಂತ ಗಟ್ಟಿಯಾಗಿ ಹೇಳಬೇಕು. ಒಬ್ಬರೇ ಕೂತು ಉತ್ತರ ಕೊಟ್ಟಾಗ ನೂರಕ್ಕೆ ಒಂದು ತಪ್ಪೂ ಆಗ್ತಿರಲಿಲ್ಲ. ಅಷ್ಟು ಸುಲಭ.

ಆದರೆ ಕೋಣೆಯಲ್ಲಿ ಏಳೆಂಟು ಜನ ಇದ್ದರು. ಅವರಲ್ಲಿ ನಿಜವಾಗಿ ಪರೀಕ್ಷೆಗೆ ಒಳಗಾಗಿದ್ದವನು ಒಬ್ಬನೇ. ಉಳಿದವರೆಲ್ಲ ಆಶ್ ಅವರ ಕಡೆಯವರು, ಅವರಿಗೆ ಮೊದಲೇ ಹೇಳಿಕೊಟ್ಟಿತ್ತು. 18 ಸಲ ಗೆರೆ ತೋರಿಸಿದರೆ ಅದರಲ್ಲಿ 12 ಸಲ ಅವರೆಲ್ಲ ಒಬ್ಬರಾದ ಮೇಲೆ ಒಬ್ಬರು ಒಂದೇ ತಪ್ಪು ಉತ್ತರ ಕೊಡಬೇಕು. ಆ ಹುಡುಗನ ಸರದಿ ಕೊನೆಯಲ್ಲೋ, ಕೊನೆಯವನಿಗಿಂತ ಮುಂಚೆಯೋ ಬರುತ್ತೆ.

ಏನಾಯ್ತು? 1956ರಲ್ಲಿ 123 ವಿದ್ಯಾರ್ಥಿಗಳ ಫಲಿತಾಂಶ ಪ್ರಕಟವಾಯಿತು. ಗುಂಪು ತಪ್ಪು ಹೇಳಿದ ಆ ಸುತ್ತುಗಳಲ್ಲಿ ನೂರಕ್ಕೆ ಸುಮಾರು 37 ಉತ್ತರಗಳು ಗುಂಪಿನ ತಪ್ಪಿನ ಜೊತೆಗೇ ಹೋದವು. ನಾಲ್ವರಲ್ಲಿ ಮೂವರು ಒಂದು ಸಲವಾದರೂ ಬಗ್ಗಿದರು. ಸುಮಾರು ಕಾಲು ಭಾಗದಷ್ಟು ಜನ ಮಾತ್ರ ಒಂದು ಸಲವೂ ಬಗ್ಗಲಿಲ್ಲ.

ಸ್ವಲ್ಪ ಯೋಚನೆ ಮಾಡಿ. ಅಲ್ಲಿ ಯಾರೂ ಹೆದರಿಸಲಿಲ್ಲ. ಯಾರೂ ದುಡ್ಡು ಕೊಡ್ತೀನಿ ಅನ್ನಲಿಲ್ಲ. ಕೆಲಸ ಹೋಗುತ್ತೆ, ಮದುವೆ ನಿಲ್ಲುತ್ತೆ ಅನ್ನೋ ಭಯ ಇರಲಿಲ್ಲ. ಕಣ್ಣೆದುರಿಗೇ ಇದ್ದ ಗೆರೆ ಅದು. ಅಷ್ಟಕ್ಕೇ ಹೀಗಾದರೆ, ನಂಬಿಕೆ, ಪ್ರಾಮಾಣಿಕತೆ, ಪರಿಶುದ್ಧತೆ ಅನ್ನೋ ಕಣ್ಣಿಗೆ ಕಾಣದ ವಿಷಯಗಳಲ್ಲಿ ನಮ್ಮ ಗತಿ ಏನು?

ಇನ್ನೊಂದು ವಿಷಯ ಕೇಳಿ. ಎದುರಿಗೆ ಒಬ್ಬನೇ ತಪ್ಪು ಹೇಳಿದರೆ ಹುಡುಗರು ಹೆಚ್ಚೇನೂ ಬಗ್ಗಲಿಲ್ಲ. ಇಬ್ಬರಾದಾಗ ಒತ್ತಡ ಶುರುವಾಯ್ತು. ಮೂವರಾದ ಹೊತ್ತಿಗೆ ಅದು ಹೆಚ್ಚುಕಡಿಮೆ ಪೂರ್ತಿ ಬಲಕ್ಕೆ ಬಂತು. ಆಮೇಲೆ ಇನ್ನೂ ಜನ ಸೇರಿಸಿದರೂ ದೊಡ್ಡ ವ್ಯತ್ಯಾಸ ಆಗಲಿಲ್ಲ. ನಮ್ಮ ಹಿರಿಯರು "ನಾನೂರು ಜನ ಏನಂತಾರೆ" ಅನ್ನಲಿಲ್ಲ ನೋಡಿ, "ನಾಲ್ಕು ಜನ" ಅಂದರು. ಲೆಕ್ಕ ಸರಿಯಾಗೇ ಇದೆ! ನಿಮ್ಮನ್ನ ಬಗ್ಗಿಸೋಕೆ ಇಡೀ ಬೆಂಗಳೂರು ಬೇಕಾಗಿಲ್ಲ. ಆಫೀಸಿನಲ್ಲಿ ಜೊತೆಗೆ ಊಟಕ್ಕೆ ಕೂರೋ ನಾಲ್ಕು ಜನ ಸಾಕು. ಪಿಜಿಯ ಒಂದು ರೂಮು ಸಾಕು. ಒಂದು ರೀಲಿನ ಕೆಳಗೆ ಮೊದಲು ಕಾಣೋ ನಾಲ್ಕು ಕಾಮೆಂಟ್ ಸಾಕು.

2. ಬಾಯಿ ಮಾತ್ರನಾ, ಮನಸ್ಸೂ ಹೋಗುತ್ತಾ?

ಪ್ರಯೋಗ ಮುಗಿದ ಮೇಲೆ ಆಶ್ ಆ ಹುಡುಗರನ್ನ ಒಬ್ಬೊಬ್ಬರಾಗಿ ಮಾತಾಡಿಸಿದರು. ಯಾಕಪ್ಪಾ ಹಾಗೆ ಹೇಳಿದೆ ಅಂತ ಕೇಳಿದರು. ಬಗ್ಗಿದವರಲ್ಲಿ ಮೂರು ಬಗೆಯವರು ಸಿಕ್ಕಿದರು.

ಕೆಲವರಿಗೆ ಗುಂಪು ತಪ್ಪು ಅಂತ ಚೆನ್ನಾಗಿ ಗೊತ್ತಿತ್ತು. ಆದರೆ ಬೇರೆಯಾಗಿ ಕಾಣಬಾರದು ಅಂತ ಬಾಯಿ ಮಾತ್ರ ಜೊತೆಗೆ ಹೋಯ್ತು. ಇನ್ನೂ ಹೆಚ್ಚು ಜನ, "ಇಷ್ಟು ಜನ ಹೇಳ್ತಿದ್ದಾರೆ ಅಂದಮೇಲೆ ನನ್ನ ಕಣ್ಣಲ್ಲೇ ಏನೋ ತೊಂದರೆ ಇರಬೇಕು" ಅಂತ ತಮ್ಮನ್ನೇ ಅನುಮಾನಿಸಿಕೊಂಡರು. ಇಲ್ಲಿ ಹೋದದ್ದು ತೀರ್ಮಾನ. ಕೆಲವೇ ಕೆಲವರಿಗೆ ಮಾತ್ರ ಗುಂಪು ಹೇಳಿದ್ದೇ ಸರಿಯಾಗಿ ಕಂಡಿತ್ತು. ತಾವು ಬಗ್ಗಿದ್ದೀವಿ ಅನ್ನೋದೇ ಅವರಿಗೆ ಗೊತ್ತಿರಲಿಲ್ಲ.

ಸತ್ಯವೇದದಲ್ಲೂ ಇಂಥವರಿದ್ದಾರೆ. ಯೋಹಾನ 12:42-43 ಓದಿ ನೋಡಿ. ಅಧಿಕಾರಿಗಳಲ್ಲೂ ಅನೇಕರು ಯೇಸುವನ್ನ ನಂಬಿದ್ದರು. ಆದರೆ ಸಭಾಮಂದಿರದಿಂದ ಹೊರಗೆ ಹಾಕ್ತಾರೆ ಅಂತ ಬಾಯಿಬಿಟ್ಟು ಹೇಳಲಿಲ್ಲ. ಹೃದಯ ಒಂದು ಕಡೆ, ಬಾಯಿ ಒಂದು ಕಡೆ. ಅರಣ್ಯಕಾಂಡ 13ರಲ್ಲಿ ಹನ್ನೆರಡು ಗೂಢಚಾರರಲ್ಲಿ ಹತ್ತು ಮಂದಿ ಸೋತು ಬಂದರು. ಆ ದೇಶದವರ ಮುಂದೆ ತಾವು ತಮ್ಮ ಕಣ್ಣಿಗೇ ಮಿಡತೆಗಳ ಹಾಗೆ ಕಂಡೆವು ಅಂದರು. ಆ ಹತ್ತು ಜನರ ಮಾತು ಕೇಳಿ ಇಡೀ ಸಮೂಹ ರಾತ್ರಿಯೆಲ್ಲಾ ಅತ್ತಿತು. ದೇಶವನ್ನ ಕಣ್ಣಲ್ಲಿ ನೋಡದವರೂ ಅತ್ತರು!

ಇಲ್ಲಿ ಎಚ್ಚರಿಕೆ ಬೇಕು. ಬಾಯಿ ಮಾತ್ರ ಹೋದರೆ, ಮನೆಗೆ ಬಂದ ಮೇಲೆ ಮನಸ್ಸಾಕ್ಷಿ ಚುಚ್ಚುತ್ತೆ. ಮನಸ್ಸೇ ಹೋದರೆ ಚುಚ್ಚೋಕೂ ಯಾರೂ ಉಳಿಯಲ್ಲ. 1935ರಲ್ಲಿ ಮುಜಫರ್ ಶೆರಿಫ್ ಅನ್ನೋ ಟರ್ಕಿ ಮೂಲದ ವಿಜ್ಞಾನಿ ಕತ್ತಲೆ ಕೋಣೆಯಲ್ಲಿ ನಿಂತ ಒಂದು ಬೆಳಕಿನ ಚುಕ್ಕಿ ತೋರಿಸಿ ಪರೀಕ್ಷೆ ಮಾಡಿದ್ದನ್ನ ಪ್ರಕಟಿಸಿದರು. ಕತ್ತಲೆಯಲ್ಲಿ ಅಂಥ ಚುಕ್ಕಿ ನಿಂತಿದ್ದರೂ ಚಲಿಸಿದ ಹಾಗೆ ಕಾಣುತ್ತೆ. ಎಷ್ಟು ದೂರ ಚಲಿಸಿತು ಅಂತ ಕೇಳಿದಾಗ, ಒಟ್ಟಿಗೆ ಕೂತವರ ಉತ್ತರಗಳು ಬರ್ತಾ ಬರ್ತಾ ಒಂದಕ್ಕೊಂದು ಹತ್ತಿರವಾದವು. ಆಮೇಲೆ ಅವರನ್ನ ಒಬ್ಬೊಬ್ಬರಾಗಿ ಕೂರಿಸಿದಾಗಲೂ ಗುಂಪಿನ ಅಳತೆಯನ್ನೇ ಹಿಡಿದುಕೊಂಡಿದ್ದರು. ಗುಂಪು ಎದ್ದು ಹೋಗಿತ್ತು. ಗುಂಪಿನ ಅಳತೆಕೋಲು ತಲೆಯಲ್ಲಿ ಉಳಿದಿತ್ತು.

ಅದಕ್ಕೇ ರೋಮಾಪುರದವರಿಗೆ 12:2ರಲ್ಲಿ ಪೌಲ ನಡವಳಿಕೆ ಬದಲಾಯಿಸಿ ಅಂತ ಹೇಳಿ ಅಷ್ಟಕ್ಕೇ ಬಿಡಲ್ಲ. ಮನಸ್ಸೇ ಹೊಸದಾಗಬೇಕು ಅಂತಾನೆ. ಯಾಕಂದರೆ ಲೋಕ ನಮ್ಮನ್ನ ಎರಕ ಹೊಯ್ಯೋದು ಹೊರಗಿನಿಂದ ಶುರುವಾದರೂ ಗಟ್ಟಿಯಾಗೋದು ಒಳಗೆ. ಎಷ್ಟು ಸಂಬಳ ಬಂದರೆ "ಸೆಟಲ್" ಆದ ಹಾಗೆ? ಎಂಥ ಮೈಬಣ್ಣ ಚೆಂದ? ಎಷ್ಟು ವಯಸ್ಸಿಗೆ ಮದುವೆ ಆಗದಿದ್ದರೆ "ತಡವಾಯ್ತು"? ಈ ಅಳತೆಕೋಲನ್ನ ನಿಮ್ಮ ಕೈಗೆ ಯಾರು ಕೊಟ್ಟರು? ವಾಕ್ಯವಾ, ಆ ನಾಲ್ಕು ಜನರಾ?

3. ಅಂತಿಯೋಕ್ಯದ ಊಟದ ಪಂಕ್ತಿ

ಈಗ ಗಲಾತ್ಯ 2ಕ್ಕೆ ಬನ್ನಿ. ಅಂತಿಯೋಕ್ಯ ಅಂದರೆ ಇವತ್ತಿನ ಟರ್ಕಿ ದೇಶದ ಅಂತಾಕ್ಯ. ಶಿಷ್ಯರನ್ನ ಮೊಟ್ಟಮೊದಲು ಕ್ರೈಸ್ತರು ಅಂತ ಕರೆದದ್ದು ಅಲ್ಲೇ. ಆ ಸಭೆಯಲ್ಲಿ ಯೆಹೂದ್ಯರೂ ಅನ್ಯಜನರೂ ಒಟ್ಟಿಗೆ ಊಟ ಮಾಡ್ತಿದ್ದರು. ಪೇತ್ರನೂ ಅವರ ಜೊತೆ ಕೂತು ಊಟ ಮಾಡಿದ.

ಆಮೇಲೆ ಯಾಕೋಬನ ಕಡೆಯಿಂದ ಕೆಲವರು ಬಂದರು. ಕೆಲವರು ಅಷ್ಟೇ, ದೊಡ್ಡ ಸೈನ್ಯವೇನೂ ಅಲ್ಲ. ಪೇತ್ರ ನಿಧಾನವಾಗಿ ಹಿಂದೆ ಸರಿದ. ಅವನನ್ನ ನೋಡಿ ಉಳಿದ ಯೆಹೂದ್ಯ ವಿಶ್ವಾಸಿಗಳೂ ಸರಿದರು. ಕೊನೆಗೆ ಬಾರ್ನಬನೂ ಸೆಳೆತಕ್ಕೆ ಸಿಕ್ಕ.

ಪೇತ್ರನಿಗೆ ತಿಳುವಳಿಕೆ ಕಡಿಮೆ ಇತ್ತಾ? ಇಲ್ಲ. ಅಪೊಸ್ತಲರ ಕೃತ್ಯಗಳು 10ರಲ್ಲಿ ದರ್ಶನ ಕಂಡವನು ಅವನೇ. ಕೊರ್ನೇಲ್ಯನ ಮನೆಯಲ್ಲಿ ಅನ್ಯಜನರ ಮೇಲೆ ಪವಿತ್ರಾತ್ಮ ಇಳಿದದ್ದನ್ನ ಕಣ್ಣಾರೆ ಕಂಡವನು ಅವನೇ. ಇನ್ನು ಬಾರ್ನಬ? ಯೆರೂಸಲೇಮಿನಲ್ಲಿ ಸೌಲನನ್ನ ಯಾರೂ ನಂಬದೆ ಹೆದರುತ್ತಿದ್ದಾಗ ಕೈಹಿಡಿದು ಅಪೊಸ್ತಲರ ಹತ್ತಿರ ಕರೆದುಕೊಂಡು ಹೋದ ಧೈರ್ಯಸ್ಥ ಅವನು! ಅಂಥವನೂ ಸರಿದ. ಪ್ರಿಯರೇ, ನಾವು ಅಭಿಷೇಕ ಹೊಂದಿದವರು, ನಮಗೆ ಗುಂಪಿನ ಒತ್ತಡ ತಟ್ಟಲ್ಲ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಪಂಚಾಶತ್ತಮ ದಿನದಲ್ಲಿ ಪ್ರಸಂಗ ಮಾಡಿದವನಿಗೇ ತಟ್ಟಿತು.

ಆ ದಿನ ಆ ಪಂಕ್ತಿಯಲ್ಲಿ ಉಳಿದ ಅನ್ಯಜನರ ಬಗ್ಗೆ ಯೋಚಿಸಿ. ನಿನ್ನೆ ಪಕ್ಕದಲ್ಲಿ ಕೂತು ರೊಟ್ಟಿ ಮುರಿದವನು ಇವತ್ತು ದೂರ ಕೂತಿದ್ದಾನೆ. ಯಾರ ಜೊತೆ ಕೂತು ಉಣ್ಣಬೇಕು, ಯಾರ ಜೊತೆ ಕೂರಬಾರದು ಅನ್ನೋದರ ನೋವು ಎಂಥದ್ದು ಅಂತ ನಮ್ಮ ನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾವು ಸಭೆಯಲ್ಲಿ ಒಂದೇ ರೊಟ್ಟಿಯಲ್ಲಿ, ಒಂದೇ ಪಾತ್ರೆಯಲ್ಲಿ ಪಾಲು ತಗೋತೀವಿ. ಆದರೆ ಮದುವೆ ಮಾತು ಬಂದಾಗ? ಹುಡುಗಿ ರಕ್ಷಣೆ ಹೊಂದಿದ್ದಾಳೆ, ಸಾಕ್ಷಿ ಚೆನ್ನಾಗಿದೆ, ಪ್ರಾರ್ಥನೆ ಮಾಡ್ತಾಳೆ, ಎಲ್ಲಾ ಸರಿ. ಆಮೇಲೆ ಸ್ವಲ್ಪ ಧ್ವನಿ ತಗ್ಗಿಸಿ ಒಂದು ಪ್ರಶ್ನೆ: "ಯಾವ ಜನ?" ಆ ಪ್ರಶ್ನೆ ಎಲ್ಲಿಂದ ಬಂತು? ಅದು ಅಂತಿಯೋಕ್ಯದ ಪಂಕ್ತಿಯಿಂದ ಎದ್ದು ದೂರ ಕೂರೋದೇ. ವರದಕ್ಷಿಣೆ ವಿಷಯದಲ್ಲೂ ಅಷ್ಟೇ. "ನಾವೇನೂ ಕೇಳಲ್ಲ, ಜನಕ್ಕೋಸ್ಕರ ನೀವೇ ಏನಾದರೂ ಮಾಡಿ" ಅನ್ನೋ ಮಾತಿನಲ್ಲಿ ಕೈಚಾಚಿದವರು ಯಾರು, ಜನರಾ, ನಾವಾ?

ಅದಕ್ಕೇ ಪೌಲ ಸುಮ್ಮನಿರಲಿಲ್ಲ. ಎಲ್ಲರ ಮುಂದೆ ಮಾತಾಡಿದ. ಸಮಸ್ಯೆ ಬರೀ ಊಟದ್ದಾಗಿದ್ದರೆ ಬಿಟ್ಟುಬಿಡಬಹುದಿತ್ತು. ಅವರ ನಡೆ ಸುವಾರ್ತೆಗೇ ಸರಿಹೊಂದಲ್ಲ ಅಂತ ಅವನು ಕಂಡುಕೊಂಡ.

4. ಹೊಂದಿಕೊಳ್ಳೋದೆಲ್ಲ ತಪ್ಪಾ?

ಇದನ್ನ ಕೇಳಿ ಕೆಲವರು ನಾಳೆಯಿಂದ ಎಲ್ಲದಕ್ಕೂ ಎದುರು ನಿಲ್ಲೋಕೆ ಶುರುಮಾಡಬಹುದು. ಮನೆಯಲ್ಲಿ ಅಪ್ಪ ಬಲಕ್ಕೆ ಅಂದರೆ ಇವನು ಎಡಕ್ಕೆ! ಅದು ಧೈರ್ಯ ಅಲ್ಲ. ಗುಂಪು ಹೇಳಿದ್ದಕ್ಕೆ ಉಲ್ಟಾ ಮಾಡೋವನನ್ನೂ ಗುಂಪೇ ನಡೆಸ್ತಿರುತ್ತೆ.

ಹೊಂದಿಕೊಳ್ಳೋದು ಎಲ್ಲಾ ಕಡೆ ಕೆಟ್ಟದ್ದಲ್ಲ. ಎಲ್ಲರೂ ಸಾಲಿನಲ್ಲಿ ನಿಂತಿದ್ದಾರೆ ಅಂತ ನಾವೂ ನಿಲ್ತೀವಿ. ಹೊಸ ಆಫೀಸಿನ ರೀತಿನೀತಿಯನ್ನ ನೋಡಿ ಕಲೀತೀವಿ. ಹಿರಿಯರ ಮುಂದೆ ಮಾತು ತಗ್ಗಿಸ್ತೀವಿ. ಹಾಗಾದರೆ ಎಲ್ಲಿ ಗೆರೆ ಎಳೆಯೋದು?

1 ಕೊರಿಂಥ 8:13 ನೋಡಿ. ತನ್ನ ಊಟದಿಂದ ಒಬ್ಬ ಬಲಹೀನ ಸಹೋದರ ಎಡವಿ ಬೀಳೋದಾದರೆ, ತಾನು ಮಾಂಸವನ್ನೇ ತಿನ್ನಲ್ಲ ಅಂತ ಪೌಲ ಬರೀತಾನೆ. ನೋಡಿದ್ರಾ? ಪೇತ್ರನೂ ಬೇರೆಯವರಿಗೋಸ್ಕರ ಊಟದ ಪದ್ಧತಿ ಬದಲಾಯಿಸಿದ, ಪೌಲನೂ ಬದಲಾಯಿಸೋಕೆ ಸಿದ್ಧನಿದ್ದ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಆದರೆ ಒಬ್ಬನನ್ನ ನಡೆಸಿದ್ದು ಭಯ, ಇನ್ನೊಬ್ಬನನ್ನ ನಡೆಸಿದ್ದು ಪ್ರೀತಿ. ಪೌಲ ಬಿಟ್ಟುಕೊಡೋಕೆ ಸಿದ್ಧನಾದದ್ದು ತನ್ನ ಮಾಂಸವನ್ನ. ಪೇತ್ರ ಬಿಟ್ಟುಕೊಟ್ಟದ್ದು ತನ್ನ ಸಹೋದರರನ್ನ.

ಇದನ್ನ ನೋಟ್ ಮಾಡ್ಕೊಳ್ಳಿ. ಹೊಂದಿಕೊಳ್ಳೋ ಮುಂಚೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಒಂದು: ಈ ಜನ ಇಲ್ಲಿ ಇಲ್ಲದೇ ಇದ್ದರೂ ನಾನು ಇದನ್ನೇ ಮಾಡ್ತಿದ್ದೆನಾ? ಎರಡು: ನಾನು ಹೊಂದಿಕೊಂಡರೆ ಬೆಲೆ ತೆರೋದು ಯಾರು, ನಾನಾ, ನನಗಿಂತ ಬಲಹೀನನಾದ ಇನ್ನೊಬ್ಬನಾ? ಬೆಲೆ ನಾನು ಕೊಟ್ಟು ಇನ್ನೊಬ್ಬ ಉಳಿದರೆ ಅದು ಪ್ರೀತಿ. ನಾನು ಉಳಿಯೋಕೆ ಇನ್ನೊಬ್ಬನನ್ನ ಬಿಟ್ಟುಕೊಟ್ಟರೆ ಅದು ಭಯ. ಮನುಷ್ಯರ ಭಯ ಉರುಲು ಅಂತ ಜ್ಞಾನೋಕ್ತಿ 29:25 ಎಚ್ಚರಿಸೋದು ಇದನ್ನೇ.

5. ಸಭೆಯೂ ಒಂದು ಗುಂಪೇ

ಇಲ್ಲಿವರೆಗೂ ಆಮೆನ್ ಹೇಳಿದ್ದೀರಿ. ಈಗ ಹೇಳೋದಕ್ಕೆ ಆಮೆನ್ ಬರುತ್ತೋ ಇಲ್ಲವೋ ನೋಡೋಣ.

ಗುಂಪಿನ ಒತ್ತಡ ಅಂದ ತಕ್ಷಣ ನಮಗೆ ಪಬ್ಬು, ಪಾರ್ಟಿ, ಸಿಗರೇಟು ನೆನಪಾಗುತ್ತೆ. ಆದರೆ ಈ ಹಾಲ್ ಕೂಡ ಒಂದು ಗುಂಪು. ಪಕ್ಕದ ಸಾಲಿನವರು ಕೈ ಎತ್ತಿದರು ಅಂತ ನಾವೂ ಎತ್ತಬಹುದು. ಎಲ್ಲರೂ ಅಳ್ತಿದ್ದಾರೆ ಅಂತ ಕಣ್ಣು ಒರೆಸಿಕೊಳ್ಳಬಹುದು. ಒಳಗೆ ಕುಸಿದುಹೋಗಿರೋ ಸಹೋದರಿ, "ಹೇಗಿದ್ದೀಯಮ್ಮ?" ಅಂತ ಕೇಳಿದರೆ "ಪ್ರೈಸ್ ದ ಲಾರ್ಡ್, ಚೆನ್ನಾಗಿದ್ದೀನಿ" ಅಂತಾಳೆ. ಯಾಕಂದರೆ ಇಲ್ಲಿ ಎಲ್ಲರೂ ಚೆನ್ನಾಗಿರಬೇಕು ಅಂತ ಅವಳು ಅಂದುಕೊಂಡಿದ್ದಾಳೆ. ನಾಲ್ಕು ಜನ ಸಾಕ್ಷಿ ಹೇಳಿದರು ಅಂತ ಡಾಕ್ಟರ್ ಕೊಟ್ಟ ಮಾತ್ರೆಯನ್ನ ಯಾರಿಗೂ ಹೇಳದೆ ನಿಲ್ಲಿಸೋವರೂ ಇರ್ತಾರೆ. ಮಕ್ಕಳೇ, ಹಾಗೆ ಮಾಡಬೇಡಿ. ದೇವರು ಸ್ವಸ್ಥಮಾಡ್ತಾನೆ, ನಾನು ಪೂರ್ಣವಾಗಿ ನಂಬ್ತೀನಿ. ಸ್ವಸ್ಥವಾದದ್ದು ನಿಜವಾದರೆ ಅದು ಡಾಕ್ಟರ ಪರೀಕ್ಷೆಗೂ ಹೆದರಲ್ಲ. ಡಾಕ್ಟರು ಹೇಳಿದ ಮೇಲೆ ನಿಲ್ಲಿಸಿ, ಸಾಕ್ಷಿ ಇನ್ನೂ ಗಟ್ಟಿಯಾಗುತ್ತೆ.

ಪರೀಕ್ಷೆ ಮಾಡೋದು ಅವಿಶ್ವಾಸ ಅಲ್ಲ. ಬೆರೋಯದವರು ಪೌಲನ ಪ್ರಸಂಗವನ್ನೇ ದಿನಾಲೂ ಶಾಸ್ತ್ರ ತೆರೆದು ಪರಿಶೋಧಿಸಿದರು. ಅದಕ್ಕೆ ಅವರಿಗೆ ಹೊಗಳಿಕೆ ಸಿಕ್ಕಿತು (ಅ. ಕೃತ್ಯಗಳು 17:11). ಪ್ರವಾದಿಗಳು ಮಾತಾಡಲಿ, ಉಳಿದವರು ವಿವೇಚಿಸಲಿ ಅನ್ನೋದು 1 ಕೊರಿಂಥ 14:29ರ ಕ್ರಮ. ನಾನು ಹೇಳಿದ್ದನ್ನೂ ಮನೆಗೆ ಹೋಗಿ ಪರಿಶೋಧಿಸಿ. ಪ್ರಶ್ನೆ ಇದ್ದರೆ ಬಂದು ಕೇಳಿ. ಪ್ರಶ್ನೆ ಕೇಳಿದವನನ್ನ "ಇವನಿಗೆ ಆತ್ಮಿಕತೆ ಇಲ್ಲ" ಅಂತ ನೋಡೋ ಸಭೆ ನಮ್ಮದಾಗಬಾರದು.

6. ಹಾಗಾದರೆ ಏನು ಮಾಡೋಣ?

ಮೊದಲನೆಯದು: ಮುಂಚೆಯೇ ತೀರ್ಮಾನ ಮಾಡಿ. ದಾನಿಯೇಲ 1:8ರಲ್ಲಿ ಅವನು ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಂಡ, ಆಮೇಲೆ ಅಧಿಕಾರಿಯ ಹತ್ತಿರ ಹೋಗಿ ವಿನಯವಾಗಿ ಕೇಳಿಕೊಂಡ. ತಟ್ಟೆ ಮುಂದೆ ಬಂದ ಮೇಲೆ ಯೋಚನೆಗೆ ಕೂರಲಿಲ್ಲ. 1955ರಲ್ಲಿ ಮಾರ್ಟನ್ ಡಾಯ್ಚ್ ಮತ್ತು ಹೆರಾಲ್ಡ್ ಜೆರಾರ್ಡ್ ಇದೇ ಗೆರೆಗಳ ಪ್ರಯೋಗವನ್ನ ಸ್ವಲ್ಪ ಬದಲಾಯಿಸಿ ಮಾಡಿದರು. ಬೇರೆಯವರ ಉತ್ತರ ಕೇಳೋ ಮುಂಚೆ ತಮ್ಮ ಉತ್ತರವನ್ನ ಕಾಗದದ ಮೇಲೆ ಬರೆದುಕೊಂಡವರು ಬಗ್ಗಿದ್ದು ತುಂಬಾ ಕಡಿಮೆ. ಹಾಗಾಗಿ ಸೋಮವಾರ ಆಫೀಸಿಗೆ ಹೋಗೋ ಮುಂಚೆ ಬರೆದಿಡಿ: ಸುಳ್ಳು ಬಿಲ್ಲಿಗೆ ಸಹಿ ಹಾಕಲ್ಲ. ಟೀಮ್ ಔಟಿಂಗಿನಲ್ಲಿ ಕುಡಿಯಲ್ಲ. ಇಲ್ಲದ ಒಬ್ಬರ ಬಗ್ಗೆ ಎಲ್ಲರೂ ಆಡಿಕೊಂಡು ನಗುವಾಗ ನಾನು ಸೇರಲ್ಲ. ಎಲ್ಲರೂ ಕೇಳಿದಾಗ ಯೋಚಿಸ್ತೀನಿ ಅಂದರೆ ಆಗ ತಡವಾಗಿರುತ್ತೆ.

ಎರಡನೆಯದು: ಇನ್ನೊಬ್ಬನಿಗೆ ಎರಡನೆಯವನಾಗಿ. ಆಶ್ ಪ್ರಯೋಗದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿಯಾದ ಉತ್ತರ ಹೇಳಿದರೆ ಸಾಕು, ಆ ಹುಡುಗ ಗುಂಪಿಗೆ ಬಗ್ಗೋದು ಕಾಲು ಭಾಗಕ್ಕೆ ಇಳೀತು. ಒಬ್ಬ ಸಾಕು! ಯೇಸು ಶಿಷ್ಯರನ್ನ ಇಬ್ಬಿಬ್ಬರಾಗಿ ಕಳುಹಿಸಿದ. ಕಾಲೇಬನ ಪಕ್ಕದಲ್ಲಿ ಯೆಹೋಶುವ ನಿಂತ. ನಿಮ್ಮ ಆಫೀಸಿನಲ್ಲಿ, ಕ್ಲಾಸಿನಲ್ಲಿ ಯಾರೋ ಒಬ್ಬರಿಗೆ ಗೆರೆ ಸರಿಯಾಗೇ ಕಾಣ್ತಿದೆ. "ನನಗೂ ಹಾಗೇ ಕಾಣ್ತಿದೆ" ಅಂತ ಹೇಳೋ ಒಂದು ಧ್ವನಿಗಾಗಿ ಅವರು ಕಾಯ್ತಿದ್ದಾರೆ. ದೊಡ್ಡ ಭಾಷಣ ಬೇಡ, ಅಷ್ಟು ಹೇಳಿ ಸಾಕು.

ಮೂರನೆಯದು: ನಿಂತ ಮೇಲೆ ಮಧ್ಯದಲ್ಲಿ ಕೈಬಿಡಬೇಡಿ. ಜೊತೆಗಿದ್ದವನು ಅರ್ಧದಲ್ಲಿ ಗುಂಪಿನ ಕಡೆ ಹೋದಾಗ ಆ ಹುಡುಗರು ಮತ್ತೆ ಜೋರಾಗಿ ಬಗ್ಗೋಕೆ ಶುರುಮಾಡಿದರು. ಜೊತೆಗಾರ ಬೇರೆ ಕೆಲಸಕ್ಕೆಂದು ಎದ್ದು ಹೋದಾಗ ಅಷ್ಟು ಬಗ್ಗಲಿಲ್ಲ. ಅವನು ಕೊಟ್ಟ ಧೈರ್ಯ ಸ್ವಲ್ಪ ಉಳಿದಿತ್ತು. ನೀವು ಕೆಲಸ ಬದಲಾಯಿಸಿ ಬೇರೆ ಊರಿಗೆ ಹೋದ ಮೇಲೂ ನಿಮ್ಮ ನಿಷ್ಠೆ ಅಲ್ಲಿ ಯಾರನ್ನೋ ನಿಲ್ಲಿಸಿರಬಹುದು.

ಹೆದರಿಕೆ ಆಗುತ್ತಾ? ಆಗಲಿ. ಒಂದು ಸಲವೂ ಬಗ್ಗದೆ ಇದ್ದವರಲ್ಲೂ ಎಲ್ಲರೂ ಆರಾಮಾಗಿ ಇರಲಿಲ್ಲ. ಅನುಮಾನ, ಮುಜುಗರ ಇಟ್ಟುಕೊಂಡೇ ಕಂಡದ್ದನ್ನ ಹೇಳಿದವರು ಅವರಲ್ಲಿದ್ದರು. ಕೈ ನಡುಗಬಹುದು, ಧ್ವನಿ ನಡುಗಬಹುದು. ಪವಿತ್ರಾತ್ಮನು ನಡುಗುವ ಧ್ವನಿಯನ್ನೂ ಉಪಯೋಗಿಸ್ತಾನೆ.

ಗುಂಪು ಚರ್ಚೆಗೆ ಪ್ರಶ್ನೆಗಳು
(ಮೊದಲು ಒಬ್ಬೊಬ್ಬರೂ ಉತ್ತರ ಬರೆದುಕೊಳ್ಳಿ, ಆಮೇಲೆ ಮಾತಾಡಿ.)

1. ನಿಮ್ಮ "ನಾಲ್ಕು ಜನ" ಯಾರು? ನಿಜವಾದ ಹೆಸರು ಬರೆಯೋಕೆ ಆಗುತ್ತಾ?
2. ಸಂಬಳ, ಸೌಂದರ್ಯ, ಮದುವೆ, ಇವುಗಳಲ್ಲಿ ವಾಕ್ಯದಿಂದ ಬಾರದ ಯಾವ ಅಳತೆಕೋಲು ನಿಮ್ಮ ಕೈಯಲ್ಲಿದೆ?
3. ನೀವು ಇತ್ತೀಚೆಗೆ ಹೊಂದಿಕೊಂಡ ಒಂದು ವಿಷಯದಲ್ಲಿ ಬೆಲೆ ಕೊಟ್ಟವರು ಯಾರು?
4. ನಮ್ಮ ಯೌವನಸ್ಥರ ಕೂಟದಲ್ಲಿ ಯಾರೂ ಕೇಳೋಕೆ ಧೈರ್ಯ ಮಾಡದ ಪ್ರಶ್ನೆ ಯಾವುದು?
5. ಈ ವಾರ ಯಾರಿಗೆ ನೀವು ಎರಡನೆಯ ಧ್ವನಿ ಆಗಬಹುದು?

ಪ್ರಾರ್ಥನೆ

ಪರಲೋಕದ ತಂದೆಯೇ, ನಿನಗೆ ಸ್ತೋತ್ರ. ಜನರ ಮಾತಿಗೆ ಹೆದರಿ ಸಹೋದರರಿಂದ ದೂರ ಸರಿಯದಂತೆ ನಮ್ಮನ್ನ ಕಾಪಾಡು. ನಮ್ಮ ಬಾಯಿಯನ್ನೂ ಮನಸ್ಸನ್ನೂ ನಿನ್ನ ವಾಕ್ಯದಿಂದ ಹೊಸದುಮಾಡು. ಒಬ್ಬಂಟಿಯಾಗಿ ನಿಂತಿರೋ ಮಕ್ಕಳು ಈ ಪಟ್ಟಣದಲ್ಲಿ ಎಲ್ಲೆಲ್ಲಿ ಇದ್ದಾರೋ, ಅವರ ಪಕ್ಕದಲ್ಲಿ ನಮ್ಮನ್ನ ನಿಲ್ಲಿಸು. ಯೇಸುವಿನ ನಾಮದಲ್ಲಿ ಬೇಡ್ತೀವಿ, ತಂದೆಯೇ. ಆಮೆನ್.